ದಂತಾಲಂಕಾರವೂ ವಸಡಿನ ಆರೋಗ್ಯವೂ: ಚಿಕಿತ್ಸಾಕ್ರಮವನ್ನು ಕುರಿತ ಒಂದು ಐತಿಹಾಸಿಕ ವಿವೇಚನೆ

ಹಲ್ಲನ್ನು ಅಂದಗೊಳಿಸಿಕೊಳ್ಳಬೇಕೆಂಬ ಆಸೆ ಮಾನವನಿಗೆ ಇಂದು ನಿನ್ನೆ ಹುಟ್ಟಿದುದಲ್ಲ. ಚಿನ್ನದ ಪಟ್ಟಿ, ಆನೆದಂತದ ಕೆತ್ತನೆ, ಪಿಂಗಾಣಿಯ ಕವಚ ಎಂದು ಸಾಧನಗಳು ಕಾಲಕಾಲಕ್ಕೆ ಬದಲಾಗಿವೆ. ಆಸೆ ಮಾತ್ರ ಬದಲಾಗಿಲ್ಲ. ಈ ಅಲಂಕಾರಗಳೆಲ್ಲವೂ ಹಲ್ಲಿನ ಮೇಲೆ ನಿಲ್ಲುತ್ತವೆ. ಹಲ್ಲಾದರೋ ತನ್ನ ಬೇರನ್ನು ಸುತ್ತುವರಿದ ವಸಡು ಮತ್ತು ದವಡೆಯ ಎಲುಬುಗಳ ಆಸರೆಯಲ್ಲಿ ನಿಲ್ಲುತ್ತದೆ. ಆದುದರಿಂದ ವಸಡು ಕೆಟ್ಟಿರುವಾಗ ಅದರ ಮೇಲೆ ಮಾಡಿದ ಅಲಂಕಾರವು ಬಹುಕಾಲ ಬಾಳಲಾರದೆಂಬುದು ಸಾಮಾನ್ಯ ವಿವೇಕಕ್ಕೂ ತೋರುವ ಸಂಗತಿಯೇ ಸರಿ. ಹೀಗಿದ್ದರೂ ದಂತವೈದ್ಯದ ಚರಿತ್ರೆಯಲ್ಲಿ ಈ ವಿವೇಕವು ಪದೇ ಪದೇ ಮರೆಯಾಗಿ, ಪ್ರತಿಯೊಂದು ತಲೆಮಾರಿನವರೂ ಹೊಸದಾಗಿ ಕಲಿಯಬೇಕಾದ ಪಾಠವಾಗಿ ಪರಿಣಮಿಸಿದೆ.

ಆ ಚರಿತ್ರೆಯ ಕೆಲವು ಮುಖ್ಯ ಘಟ್ಟಗಳನ್ನು ಪರಿಶೀಲಿಸಿ, ಅಲಂಕಾರಕ್ಕೆ ಮೊದಲು ವಸಡನ್ನು ಏಕೆ ನೋಡಿಕೊಳ್ಳಬೇಕೆಂಬುದನ್ನು ನಿರೂಪಿಸುವುದು ಈ ಲೇಖನದ ಉದ್ದೇಶ. ನಾವು ಇತಿಹಾಸದ ಅಭ್ಯಾಸಿಗಳೇ ಹೊರತು ವೈದ್ಯರಲ್ಲ. ಒಬ್ಬೊಬ್ಬ ರೋಗಿಗೆ ಯಾವ ಚಿಕಿತ್ಸೆ ತಕ್ಕುದೆಂಬುದು ವೈದ್ಯರ ನಿರ್ಣಯಕ್ಕೆ ಸೇರಿದುದು. ಆದರೆ ಯಾವುದು ಮೊದಲು, ಯಾವುದು ಅನಂತರ ಎಂಬ ಪ್ರಶ್ನೆಯ ಮೇಲೆ ಇತಿಹಾಸವು ಸಾಕಷ್ಟು ಬೆಳಕನ್ನು ಬೀರಬಲ್ಲುದು. ಮದುವೆಗೆ ಮುಂಚೆ ಹಲ್ಲನ್ನು ಬಿಳುಪು ಮಾಡಿಸಿಕೊಳ್ಳುವುದೂ ಮುಂಬಲ್ಲುಗಳಿಗೆ ಪಿಂಗಾಣಿಯ ಹೊದಿಕೆ ಹಾಕಿಸಿಕೊಳ್ಳುವುದೂ ನಮ್ಮ ನಗರಗಳಲ್ಲಿ ರೂಢಿಗೆ ಬರುತ್ತಿರುವ ಈ ಕಾಲದಲ್ಲಿ ಆ ಬೆಳಕಿನ ಅಗತ್ಯವೂ ಉಂಟು.

೧. ಪ್ರಾಚೀನರ ಎರಡು ದೃಷ್ಟಿಗಳು

ಇಟಲಿಯ ಎಟ್ರಸ್ಕನ್ ಜನರ ಸಮಾಧಿಗಳಲ್ಲಿ ಹಲ್ಲುಗಳ ಸುತ್ತ ಬಳಸಿದ ಚಿನ್ನದ ಪಟ್ಟಿಗಳು ದೊರೆತಿವೆ. ಇವುಗಳಲ್ಲಿ ಹಳೆಯವು ಕ್ರಿಸ್ತಪೂರ್ವ ಏಳನೆಯ ಶತಮಾನದವು. ಬಿದ್ದುಹೋದ ಹಲ್ಲಿನ ಜಾಗದಲ್ಲಿ ಬೇರೊಂದು ಹಲ್ಲನ್ನು ಈ ಪಟ್ಟಿಯಲ್ಲಿ ಸಿಕ್ಕಿಸಿ, ಪಕ್ಕದ ಹಲ್ಲುಗಳಿಗೆ ಆತುಕೊಂಡಿರುವಂತೆ ಮಾಡುತ್ತಿದ್ದರು. ಇವು ಬಹುಮಟ್ಟಿಗೆ ಸಿರಿವಂತ ಸ್ತ್ರೀಯರ ಆಭರಣಗಳಾಗಿದ್ದುವೆಂದು ಇತ್ತೀಚಿನ ವಿದ್ವಾಂಸರ ಅಭಿಪ್ರಾಯ. ಹೀಗೆ ದಂತಶಿಲ್ಪದ ಅತ್ಯಂತ ಹಳೆಯ ಅವಶೇಷಗಳಲ್ಲಿಯೇ ಚಿಕಿತ್ಸೆಗಿಂತ ಅಲಂಕಾರದ ಪ್ರಯೋಜನವು ಮುಂದಾಗಿರುವುದನ್ನು ಕಾಣುತ್ತೇವೆ.

ಇದಕ್ಕೆ ಎದುರಾಗಿ ನಮ್ಮ ದೇಶದ ಸುಶ್ರುತ ಸಂಹಿತೆಯ ದೃಷ್ಟಿಯನ್ನು ಇರಿಸಿ ನೋಡಬಹುದು. ಅದರ ನಿದಾನಸ್ಥಾನದಲ್ಲಿ ಬಾಯಿಗೆ ಸಂಬಂಧಪಟ್ಟ ೬೫ ರೋಗಗಳನ್ನು ಸ್ಥಾನಭೇದದಿಂದ ವಿಂಗಡಿಸಿದೆ. ಇವುಗಳಲ್ಲಿ ಹಲ್ಲಿಗೆ ಸೇರಿದವು ೮; ದಂತಮೂಲಕ್ಕೆ, ಎಂದರೆ ವಸಡಿಗೆ, ಸೇರಿದವು ೧೫. ಹಲ್ಲಿನ ಕೇಡಿಗಿಂತ ಹಲ್ಲಿನ ಬುಡದ ಕೇಡೇ ಬಗೆಬಗೆಯದೆಂದು ಗ್ರಂಥಕಾರನು ಕಂಡುಕೊಂಡಿದ್ದನೆಂಬುದು ಇದರಿಂದ ಸ್ಪಷ್ಟ. ವಸಡಿನಿಂದ ಕೀವೂ ರಕ್ತವೂ ಒಸರಿ ಹಲ್ಲುಗಳು ಅಲುಗಾಡುವ ಸ್ಥಿತಿಯನ್ನು ಆತನು ದಂತವೇಷ್ಟವೆಂದು ಕರೆದಿದ್ದಾನೆ. ಹಲ್ಲಿನ ಮೇಲೆ ಮರಳಿನಂತೆ ಗಟ್ಟಿಯಾಗಿ ಕೂರುವ ಮಲಕ್ಕೆ ದಂತಶರ್ಕರೆಯೆಂದು ಹೆಸರು. ಅದನ್ನು ತೆಗೆಯುವಾಗ ದಂತಮೂಲಕ್ಕೆ ಹಿಂಸೆಯಾಗದಂತೆ ತೆಗೆಯಬೇಕು, ಬಳಿಕ ಅರಗಿನ ಪುಡಿಯನ್ನು ಜೇನಿನಲ್ಲಿ ಕಲಸಿ ಉಜ್ಜಬೇಕು ಎಂದು ಚಿಕಿತ್ಸಾಸ್ಥಾನದಲ್ಲಿ ವಿಧಿಸಿದೆ. ಈ ಗ್ರಂಥದಲ್ಲಿ ಇಂದಿನ ವಿಜ್ಞಾನವೆಲ್ಲ ಅಡಗಿದೆಯೆಂದು ಸಾಧಿಸುವುದು ನಮ್ಮ ಇಂಗಿತವಲ್ಲ. ಸೂಕ್ಷ್ಮಜೀವಿಗಳ ಕಲ್ಪನೆ ಆ ಕಾಲಕ್ಕೆ ಇರಲಿಲ್ಲ. ಆದರೆ ಗಾರೆಯನ್ನು ತೆಗೆಯಬೇಕು, ವಸಡನ್ನು ಕಾಪಾಡಬೇಕು ಎಂಬ ಎರಡು ಕರ್ತವ್ಯಗಳನ್ನು ಒಂದೇ ಉಸಿರಿನಲ್ಲಿ ಹೇಳಿರುವುದು ಗಮನಾರ್ಹವಾಗಿದೆ.

೨. ಫೋಶಾರನಿಂದ ರಿಗ್ಸನವರೆಗೆ

ಯೂರೋಪಿನಲ್ಲಿ ದಂತವೈದ್ಯಕ್ಕೆ ಶಾಸ್ತ್ರದ ಸ್ವರೂಪವನ್ನು ಕೊಟ್ಟವನು ಫ್ರಾನ್ಸಿನ ಪಿಯೇರ್ ಫೋಶಾರ್. ಎರಡು ಸಂಪುಟಗಳ ಅವನ ಮಹಾಗ್ರಂಥ ೧೭೨೮ರಲ್ಲಿ ಪ್ರಕಟವಾಯಿತು. ಕೃತಕ ದಂತಗಳನ್ನು ಮಾಡುವ, ಜೋಡಿಸುವ ವಿಧಾನಗಳನ್ನು ಅದರಲ್ಲಿ ವಿಸ್ತಾರವಾಗಿ ವಿವರಿಸಿದೆ. ಆದರೆ ಹಲ್ಲಿನ ಗಾರೆಯನ್ನು ಕೆರೆದು ತೆಗೆಯುವ ಉಪಕರಣಗಳಿಗೂ ಅವನು ಅಷ್ಟೇ ಗಮನವನ್ನು ಕೊಟ್ಟಿದ್ದಾನೆ. ೧೭೪೬ರ ಎರಡನೆಯ ಆವೃತ್ತಿಯಲ್ಲಿ ವಸಡು ಸಡಿಲಗೊಂಡು ಕೀವು ಬರುವ ರೋಗದ ವರ್ಣನೆಯೂ ಇದೆ. ಶಿಲ್ಪವೂ ಶುದ್ಧಿಯೂ ಒಬ್ಬನ ಕೈಯಲ್ಲಿಯೇ ಇದ್ದ ಕಾಲವದು.

ವಸಡಿನ ಆಸರೆ ತಪ್ಪಿದಾಗ ಶಿಲ್ಪವು ಎಷ್ಟರಮಟ್ಟಿಗೆ ನೆರವಾಗಬಲ್ಲುದೆಂಬುದಕ್ಕೆ ಅಮೆರಿಕದ ಪ್ರಥಮ ಅಧ್ಯಕ್ಷ ಜಾರ್ಜ್ ವಾಷಿಂಗ್‌ಟನ್ನನ ಉದಾಹರಣೆ ಪ್ರಸಿದ್ಧವಾಗಿದೆ. ೧೭೮೯ರಲ್ಲಿ ಅವನು ಅಧಿಕಾರ ಸ್ವೀಕರಿಸಿದಾಗ ಅವನ ಬಾಯಲ್ಲಿ ಉಳಿದಿದ್ದುದು ಒಂದೇ ಒಂದು ಸ್ವಂತ ಹಲ್ಲು. ನ್ಯೂಯಾರ್ಕಿನ ಜಾನ್ ಗ್ರೀನ್‌ವುಡ್ ಎಂಬ ದಂತವೈದ್ಯನು ನೀರುಕುದುರೆಯ ಕೋರೆಯನ್ನು ಕೆತ್ತಿ, ಅದರಲ್ಲಿ ಮನುಷ್ಯರ ಹಲ್ಲುಗಳನ್ನು ಜೋಡಿಸಿ, ಆ ಒಂಟಿ ಹಲ್ಲು ಹಾಯುವಂತೆ ರಂಧ್ರವಿಟ್ಟು ಕಟ್ಟುಹಲ್ಲಿನ ಪಂಕ್ತಿಯನ್ನು ಮಾಡಿಕೊಟ್ಟನು. ಆ ಕಾಲದ ಅತ್ಯುತ್ತಮ ಕೌಶಲವಾದರೂ ಅದು ಸುಖವನ್ನು ಕೊಡಲಿಲ್ಲ. ಊದಿದ ವಸಡು, ನೋಯುವ ಬಾಯಿ ಇವುಗಳ ಪ್ರಸ್ತಾಪ ಅವನ ದಿನಚರಿಯಲ್ಲಿಯೂ ಪತ್ರಗಳಲ್ಲಿಯೂ ಬರುತ್ತದೆ. ೧೭೯೬ರಲ್ಲಿ ಆ ಕೊನೆಯ ಹಲ್ಲನ್ನೂ ಕೀಳಬೇಕಾಯಿತು.

ಮುಂದಿನ ಶತಮಾನದಲ್ಲಿ ವಸಡಿನ ರೋಗವು ಮೈಯ ದೋಷದಿಂದ ಬರುವುದೆಂದೂ, ಆದುದರಿಂದ ಅಸಾಧ್ಯವೆಂದೂ ಅನೇಕರು ನಂಬಿದ್ದರು. ಈ ನಂಬಿಕೆಯನ್ನು ಎದುರಿಸಿದವರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ನಗರದ ಜಾನ್ ರಿಗ್ಸ್ ಪ್ರಮುಖನು. ೧೮೪೪ರ ಡಿಸೆಂಬರಿನಲ್ಲಿ ನೈಟ್ರಸ್ ಆಕ್ಸೈಡ್ ಅನಿಲದ ಪ್ರಭಾವದಲ್ಲಿ ಹೊರೇಸ್ ವೆಲ್ಸನ ಹಲ್ಲನ್ನು ಕಿತ್ತು, ಅರಿವಳಿಕೆಯ ಚರಿತ್ರೆಯಲ್ಲಿ ಹೆಸರು ಪಡೆದವನೂ ಇವನೇ. ರೋಗದ ಮೂಲವಿರುವುದು ಹಲ್ಲಿನ ಮೇಲೆ, ವಸಡಿನ ಅಂಚಿನ ಕೆಳಗೆ ಕುಳಿತಿರುವ ಗಾರೆಯಲ್ಲಿ. ಅದನ್ನು ಬೇರಿನವರೆಗೂ ಕೆರೆದು ತೆಗೆದು ಹಲ್ಲನ್ನು ನಯಗೊಳಿಸಿದರೆ ವಸಡು ಗುಣವಾಗುವುದು ಎಂದು ರಿಗ್ಸ್ ವಾದಿಸಿದನು. ನಮ್ಮಲ್ಲಿ ಪಯೋರಿಯಾ ಎಂದು ಹೆಸರಾದ ರೋಗವನ್ನು ಬಹುಕಾಲ ಅಮೆರಿಕದವರು ರಿಗ್ಸನ ರೋಗವೆಂದೇ ಕರೆಯುತ್ತಿದ್ದರು.

೩. ೧೯೧೦ರ ಮಾಂಟ್ರಿಯಲ್ ಉಪನ್ಯಾಸ

ರಿಗ್ಸನ ಮಾತನ್ನು ಎಲ್ಲರೂ ಕೇಳಲಿಲ್ಲ. ಆ ಕಾಲದ ಒಲವು ಬೇರೆ ಕಡೆಗೆ ಹರಿಯುತ್ತಿದ್ದಿತು. ೧೮೭೧ರಲ್ಲಿ ಜೇಮ್ಸ್ ಮಾರಿಸನ್ ಕಾಲಿನಿಂದ ತುಳಿದು ನಡೆಸುವ ಕೊರೆಯುವ ಯಂತ್ರಕ್ಕೆ ಹಕ್ಕುಪತ್ರ ಪಡೆದ ಮೇಲೆ ಹಲ್ಲನ್ನು ಬೇಗ ಬೇಗನೆ ಅರೆದು ಅದರ ಮೇಲೆ ಲೋಹದ ಕವಚವನ್ನು ತೊಡಿಸುವುದು ಸುಲಭವಾಯಿತು. ಚಿನ್ನದ ಕವಚ, ಒಂದು ಹಲ್ಲಿನಿಂದ ಇನ್ನೊಂದಕ್ಕೆ ಕಟ್ಟುವ ಚಿನ್ನದ ಸೇತುವೆ ಇವು ಸಿರಿಯ ಕುರುಹುಗಳಾದುವು. ಅವುಗಳ ಅಡಿಯಲ್ಲಿ ವಸಡು ಹೇಗಿದೆ, ಬೇರು ಹೇಗಿದೆ ಎಂಬುದನ್ನು ಪರೀಕ್ಷಿಸದೆಯೇ ಕೆಲಸ ನಡೆಸಿದವರು ಅನೇಕರಿದ್ದರು.

ಈ ಪದ್ಧತಿಯ ಮೇಲೆ ಅತ್ಯಂತ ತೀಕ್ಷ್ಣವಾದ ಪ್ರಹಾರ ಬಂದುದು ದಂತವೈದ್ಯರಿಂದಲ್ಲ, ಲಂಡನ್ನಿನ ವೈದ್ಯ ವಿಲಿಯಂ ಹಂಟರನಿಂದ. ಬರ್ಲಿನ್ನಿನಲ್ಲಿ ಕೆಲಸ ಮಾಡಿದ ಡಬ್ಲ್ಯು. ಡಿ. ಮಿಲ್ಲರ್ ೧೮೯೦ರಲ್ಲಿ ಮನುಷ್ಯನ ಬಾಯಿಯ ಸೂಕ್ಷ್ಮಜೀವಿಗಳನ್ನು ಕುರಿತು ಪ್ರಸಿದ್ಧ ಗ್ರಂಥವನ್ನು ಬರೆದಿದ್ದನು. ಬಾಯಿಯ ನಂಜು ದೇಹದ ಇತರ ರೋಗಗಳಿಗೆ ಕಾರಣವಾಗಬಹುದೆಂದು ಹಂಟರನು ೧೯೦೦ರಿಂದಲೇ ಬರೆಯತೊಡಗಿದ್ದನು. ೧೯೧೦ರ ಅಕ್ಟೋಬರಿನಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಅವನು ಮಾಡಿದ ಉಪನ್ಯಾಸವು ಮರುವರ್ಷ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ರೋಗಪೀಡಿತವಾದ ಬೇರುಗಳ ಮೇಲೂ ಕೀವು ತುಂಬಿದ ವಸಡಿನ ಮೇಲೂ ಕಟ್ಟಿದ ಚಿನ್ನದ ಕೆಲಸವನ್ನು ಅವನು ಕೊಳೆತದ ರಾಶಿಯ ಮೇಲೆ ಎಬ್ಬಿಸಿದ ಚಿನ್ನದ ಗೋರಿಗೆ ಹೋಲಿಸಿದನು. ಚಿನ್ನದ ಕೆಲಸವು ನಂಜನ್ನು ಗುಣಪಡಿಸುವುದಿರಲಿ, ಅದನ್ನು ಮುಚ್ಚಿ, ರೋಗಿಯು ತಾನೇ ಶುಚಿಮಾಡಿಕೊಳ್ಳಲಾಗದಂತೆ ಮಾಡುತ್ತದೆ ಎಂಬುದು ಅವನ ಆಕ್ಷೇಪದ ಸಾರ.

ಈ ಆಕ್ಷೇಪದಿಂದ ಎರಡು ಬೇರೆ ಬೇರೆ ತೀರ್ಮಾನಗಳನ್ನು ತೆಗೆಯಬಹುದಾಗಿದ್ದಿತು. ವಸಡನ್ನೂ ಬೇರನ್ನೂ ಮೊದಲು ಶುದ್ಧಗೊಳಿಸಿ ಅನಂತರ ಕವಚ ಹಾಕಬೇಕೆಂಬುದು ಒಂದು. ಸಂದೇಹಕ್ಕೆ ಎಡೆಕೊಡುವ ಹಲ್ಲನ್ನೇ ಕಿತ್ತುಹಾಕಬೇಕೆಂಬುದು ಇನ್ನೊಂದು. ದುರದೃಷ್ಟವಶಾತ್ ಎರಡನೆಯ ತೀರ್ಮಾನವೇ ಬಹುಕಾಲ ಮೇಲುಗೈ ಪಡೆಯಿತು. ಚಿಕಾಗೋದ ಫ್ರಾಂಕ್ ಬಿಲ್ಲಿಂಗ್ಸ್ ಮೊದಲಾದವರು ಬೆಳೆಸಿದ ಸಿದ್ಧಾಂತದಂತೆ ಸಂಧಿವಾತ, ಹೃದ್ರೋಗ, ಮೂತ್ರಪಿಂಡದ ರೋಗ ಹೀಗೆ ಅನೇಕ ವ್ಯಾಧಿಗಳ ಮೂಲವನ್ನು ಹಲ್ಲಿನಲ್ಲಿ ಹುಡುಕತೊಡಗಿದರು. ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯಲ್ಲಿ ಹೆನ್ರಿ ಕಾಟನ್ ಎಂಬ ವೈದ್ಯನು ಬುದ್ಧಿಭ್ರಮೆಗೂ ಇದೇ ಕಾರಣವೆಂದು ತಿಳಿದು ರೋಗಿಗಳ ಹಲ್ಲುಗಳನ್ನು ಕೀಳಿಸಿದನು. ೧೯೩೮ರಲ್ಲಿ ರಸೆಲ್ ಸೆಸಿಲ್ ಮತ್ತು ಆಂಜಿವೈನ್ ಎಂಬುವರು ೨೦೦ ಮಂದಿ ಸಂಧಿವಾತ ರೋಗಿಗಳ ವಿಷಯವನ್ನು ವಿಮರ್ಶಿಸಿ ಈ ಸಿದ್ಧಾಂತಕ್ಕೆ ಆಧಾರ ಸಾಲದೆಂದು ತೋರಿಸಿದರು. ಅದಾದ ಮೇಲೆ ಅದರ ಬಲ ಕುಗ್ಗಿತು. ಅಷ್ಟರಲ್ಲಿ ಉಳಿಯಬಹುದಾಗಿದ್ದ ಎಷ್ಟೋ ಹಲ್ಲುಗಳು ನಷ್ಟವಾಗಿದ್ದುವು.

ಮೊದಲನೆಯ ತೀರ್ಮಾನವನ್ನು ಹಿಡಿದವರೂ ಇಲ್ಲದಿರಲಿಲ್ಲ. ಗ್ರೇಸ್ ರಾಜರ್ಸ್ ಸ್ಪಾಲ್ಡಿಂಗ್ ಮತ್ತು ಜಿಲೆಟ್ ಹೇಡನ್ ಎಂಬ ಇಬ್ಬರು ಮಹಿಳಾ ದಂತವೈದ್ಯರು ೧೯೧೪ರಲ್ಲಿ ವಸಡಿನ ಚಿಕಿತ್ಸೆಗೆಂದೇ ಅಮೆರಿಕದಲ್ಲಿ ಒಂದು ಪರಿಷತ್ತನ್ನು ಸ್ಥಾಪಿಸಿದರು. ಇಂದಿನ ಅಮೆರಿಕನ್ ಅಕಾಡೆಮಿ ಆಫ್ ಪೆರಿಯೊಡಾಂಟಾಲಜಿ ಅದರಿಂದಲೇ ಬೆಳೆದುದು. ಹಲ್ಲನ್ನು ಕೀಳುವುದಕ್ಕೂ ಕೇಡನ್ನು ಚಿನ್ನದಿಂದ ಮುಚ್ಚುವುದಕ್ಕೂ ನಡುವೆ, ವಸಡನ್ನು ಗುಣಪಡಿಸಿ ಹಲ್ಲನ್ನು ಉಳಿಸಿಕೊಳ್ಳುವ ಮೂರನೆಯ ಮಾರ್ಗವುಂಟೆಂಬುದನ್ನು ಈ ಪರಂಪರೆಯವರು ಎತ್ತಿಹಿಡಿದರು.

೪. ಪ್ರಯೋಗದಿಂದ ದೊರೆತ ನಿಶ್ಚಯ

ಈ ಮಾರ್ಗಕ್ಕೆ ನಿಸ್ಸಂದಿಗ್ಧವಾದ ಪ್ರಮಾಣ ದೊರೆತುದು ೧೯೬೫ರಲ್ಲಿ. ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಹಾರಾಲ್ಡ್ ಲೋ ಮತ್ತು ಅವನ ಸಹೋದ್ಯೋಗಿಗಳು ಆರೋಗ್ಯವಂತರಾದ ೧೨ ಮಂದಿಯನ್ನು ಆರಿಸಿಕೊಂಡು, ಹಲ್ಲುಜ್ಜುವುದನ್ನು ಸಂಪೂರ್ಣವಾಗಿ ನಿಲ್ಲಿಸುವಂತೆ ಕೇಳಿಕೊಂಡರು. ೧೦ರಿಂದ ೨೧ ದಿನಗಳೊಳಗೆ ಎಲ್ಲರ ವಸಡೂ ಉರಿಯೂತಕ್ಕೆ ಒಳಗಾಯಿತು. ಮತ್ತೆ ಹಲ್ಲುಜ್ಜಲು ತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ವಸಡು ಮೊದಲಿನಂತಾಯಿತು. ರೋಗವನ್ನು ತರುವುದು ಹಲ್ಲಿನ ಮೇಲೆ ಪ್ರತಿದಿನವೂ ಬೆಳೆಯುವ ಸೂಕ್ಷ್ಮಜೀವಿಗಳ ಲೋಳೆಯಾದ ದಂತಪಾಚಿ. ಅದನ್ನು ತೆಗೆದರೆ ಈ ಹಂತದ ರೋಗವು ಹಿಂದೆಗೆಯುತ್ತದೆ ಎಂಬುದು ಇದರಿಂದ ಸಿದ್ಧಪಟ್ಟಿತು. ಪಾಚಿಯನ್ನು ತೆಗೆಯದೆ ಬಿಟ್ಟರೆ ಎಂಜಲಿನಲ್ಲಿರುವ ಲವಣಗಳು ಸೇರಿ ಅದು ಗಟ್ಟಿಯಾಗಿ ಗಾರೆಯಾಗುತ್ತದೆ. ಗಾರೆಯು ಬ್ರಷ್ಷಿಗೆ ಬಗ್ಗುವುದಿಲ್ಲ. ಅದನ್ನು ದಂತವೈದ್ಯರೇ ಕೆರೆದು ತೆಗೆಯಬೇಕು.

ವಸಡಿನ ಉರಿಯೂತವು ಎಲ್ಲರಲ್ಲಿಯೂ ಮುಂದುವರಿಯುವುದಿಲ್ಲ. ಆದರೆ ಅನೇಕರಲ್ಲಿ ಅದು ಒಳಕ್ಕಿಳಿದು, ವಸಡು ಹಲ್ಲಿನಿಂದ ಬಿಡಿಸಿಕೊಂಡು ಸಂಚಿಯಂತಹ ಬಿರುಕುಗಳಾಗಿ, ಬೇರನ್ನು ಹಿಡಿದ ಎಲುಬು ಸವೆಯತೊಡಗುತ್ತದೆ. ಹೀಗೆ ಸವೆದ ಎಲುಬು ಸಾಮಾನ್ಯವಾಗಿ ತಾನಾಗಿ ಮತ್ತೆ ಬೆಳೆಯುವುದಿಲ್ಲ. ತೀವ್ರಸ್ವರೂಪದ ಈ ರೋಗವು ಜಗತ್ತಿನ ವಯಸ್ಕರಲ್ಲಿ ಸುಮಾರು ಶೇಕಡ ೧೯ ಮಂದಿಯಲ್ಲಿದೆಯೆಂದೂ, ಪೀಡಿತರ ಸಂಖ್ಯೆ ನೂರು ಕೋಟಿಗೂ ಮಿಗಿಲೆಂದೂ ವಿಶ್ವ ಆರೋಗ್ಯ ಸಂಸ್ಥೆಯ ೨೦೨೨ರ ವರದಿಯು ಅಂದಾಜು ಮಾಡಿದೆ. ಧೂಮಪಾನವೂ ಹತೋಟಿಯಲ್ಲಿಲ್ಲದ ಮಧುಮೇಹವೂ ಇದನ್ನು ಉಲ್ಬಣಗೊಳಿಸುತ್ತವೆ. ಧೂಮಪಾನ ಮಾಡುವವರಲ್ಲಿ ರಕ್ತ ಒಸರುವುದು ಕಡಿಮೆಯಾಗಿ ರೋಗದ ಲಕ್ಷಣವೇ ಮರೆಯಾಗಿರುವುದುಂಟು. ಆದುದರಿಂದ ನೋವಿಲ್ಲ, ರಕ್ತವಿಲ್ಲ ಎಂಬಷ್ಟರಿಂದಲೇ ವಸಡು ಆರೋಗ್ಯವಾಗಿದೆಯೆಂದು ಭಾವಿಸಲಾಗದು. ವಸಡಿಗೂ ಹಲ್ಲಿಗೂ ನಡುವಣ ಸಂದಿನ ಆಳವನ್ನು ವೈದ್ಯರು ಅಳತೆಗೀರುಗಳಿರುವ ಸಣ್ಣ ಕಡ್ಡಿಯಿಂದ ನೋಡುತ್ತಾರೆ. ಅದು ೩ ಮಿಲಿಮೀಟರನ್ನು ಮೀರದೆ, ಮುಟ್ಟಿದರೆ ರಕ್ತ ಬಾರದಿದ್ದಲ್ಲಿ ಸಾಮಾನ್ಯವಾಗಿ ಆರೋಗ್ಯದ ಲಕ್ಷಣ.

೫. ಅಲಂಕಾರದ ಹೊಸ ವಿಧಾನಗಳು

ಇಪ್ಪತ್ತನೆಯ ಶತಮಾನದ ನಡುವೆ ಅಲಂಕಾರದ ವಿಧಾನಗಳೂ ಬದಲಾದುವು. ೧೯೩೦ರ ದಶಕದಲ್ಲಿ ಕ್ಯಾಲಿಫೋರ್ನಿಯದ ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯನು ಹಾಲಿವುಡ್ಡಿನ ನಟನಟಿಯರ ಹಲ್ಲಿನ ಮೇಲೆ ಅಂಟಿಸುವ ತೆಳುವಾದ ಹೊದಿಕೆಗಳನ್ನು ಮಾಡಿಕೊಡುತ್ತಿದ್ದನು. ಅವು ಚಿತ್ರೀಕರಣದ ಹೊತ್ತಿಗೆ ಮಾತ್ರ. ಕೆಲಸ ಮುಗಿದ ಮೇಲೆ ತೆಗೆದಿಡುವಂತಹವು. ೧೯೫೫ರಲ್ಲಿ ಮೈಕೆಲ್ ಬ್ಯುಓನೊಕೋರ್ ಹಲ್ಲಿನ ಹೊರಪದರವನ್ನು ಆಮ್ಲದಿಂದ ಒರಟುಗೊಳಿಸಿ ರಾಳವನ್ನು ಭದ್ರವಾಗಿ ಅಂಟಿಸುವ ಕ್ರಮವನ್ನು ತೋರಿಸಿದನು. ೧೯೮೦ರ ದಶಕದಲ್ಲಿ ಪಿಂಗಾಣಿಯ ಹೊದಿಕೆಯನ್ನೂ ಹೀಗೆಯೇ ಶಾಶ್ವತವಾಗಿ ಕೂರಿಸುವುದು ಬಳಕೆಗೆ ಬಂದಿತು. ಇಂದು ವೆನೀರ್ ಎಂದು ಕರೆಯುವುದು ಇದನ್ನೇ. ಈ ಬದಲಾವಣೆಯ ಅರ್ಥವನ್ನು ಗಮನಿಸಬೇಕು. ಶಾಶ್ವತವಾದ ಹೊದಿಕೆಗಾಗಿ ಬಹುಸಂದರ್ಭಗಳಲ್ಲಿ ಹಲ್ಲಿನ ಹೊರಪದರವನ್ನು ಸ್ವಲ್ಪ ಅರೆಯಬೇಕಾಗುತ್ತದೆ. ಅರೆದ ಪದರ ಮತ್ತೆ ಬೆಳೆಯುವುದಿಲ್ಲ. ಅತ್ತ ವಸಡಿನ ರೋಗದಿಂದ ಹೋದ ಎಲುಬೂ ಹಿಂದಿರುಗುವುದಿಲ್ಲ. ಎರಡು ಕಡೆಯ ನಷ್ಟವೂ ತುಂಬಿಬಾರದ ನಷ್ಟವಾದುದರಿಂದಲೇ ಚಿಕಿತ್ಸೆಯ ಕ್ರಮಕ್ಕೆ ಇಷ್ಟು ಪ್ರಾಮುಖ್ಯ ಬಂದಿರುವುದು.

ವಸಡನ್ನು ಮೊದಲು ಗುಣಪಡಿಸಬೇಕೆಂಬುದಕ್ಕೆ ಕಾರಣಗಳನ್ನು ಹೀಗೆ ಸಂಗ್ರಹಿಸಬಹುದು.

ಮೊದಲನೆಯದಾಗಿ, ರಕ್ತ ಒಸರುವ ವಸಡಿನ ಬಳಿ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಆಮ್ಲದಿಂದ ಸಿದ್ಧಪಡಿಸಿದ ಹಲ್ಲು ಒಣಗಿ ಶುಭ್ರವಾಗಿರಬೇಕು; ರಕ್ತವೋ ಎಂಜಲೋ ತಾಗಿದರೆ ಬಂಧನವು ದುರ್ಬಲವಾಗುತ್ತದೆ. ಹಲ್ಲಿನ ಅಚ್ಚನ್ನು ತೆಗೆಯುವಾಗಲೂ ಅಂಚು ಸ್ಪಷ್ಟವಾಗಿ ಮೂಡುವುದಿಲ್ಲ.

ಎರಡನೆಯದಾಗಿ, ಊದಿದ ವಸಡಿನ ಅಂಚು ಅದರ ನಿಜವಾದ ಸ್ಥಾನವಲ್ಲ. ಅದಕ್ಕೆ ಸರಿಯಾಗಿ ಕವಚವನ್ನು ಕೂರಿಸಿದರೆ, ಮುಂದೆ ಊತ ಇಳಿದಾಗ ವಸಡು ಹಿಂದೆ ಸರಿದು ಕವಚದ ಅಂಚು ಹೊರಗೆ ಕಾಣುತ್ತದೆ. ಯಾವ ಅಂದಕ್ಕಾಗಿ ಹಣ ವೆಚ್ಚವಾಯಿತೋ ಆ ಅಂದವೇ ಕೆಡುತ್ತದೆ.

ಮೂರನೆಯದಾಗಿ, ವಸಡು ಹಲ್ಲಿಗೆ ಅಂಟಿಕೊಳ್ಳಲು ಒಂದಿಷ್ಟು ಸ್ಥಳ ಬೇಕು. ೧೯೬೧ರಲ್ಲಿ ಗಾರ್ಜುಲೊ, ವೆಂಟ್ಸ್, ಆರ್ಬನ್ ಎಂಬ ವಿದ್ವಾಂಸರು ಎಲುಬಿನ ಅಂಚಿನಿಂದ ಮೇಲಕ್ಕೆ ಈ ಅಂಟುಪಟ್ಟಿಯ ಸರಾಸರಿ ಎತ್ತರವು ೨.೦೪ ಮಿಲಿಮೀಟರೆಂದು ಅಳೆದರು. ವ್ಯಕ್ತಿಯಿಂದ ವ್ಯಕ್ತಿಗೆ ಇದು ಬದಲಾಗುವುದಾದರೂ, ಕವಚದ ಅಂಚು ಈ ಪಟ್ಟಿಯೊಳಕ್ಕೆ ನುಗ್ಗಿದರೆ ವಸಡು ಸದಾ ಕೆಂಪೇರಿ ಊದಿರುವುದೂ ಎಲುಬು ಕುಗ್ಗುವುದೂ ಉಂಟು. ಅಲಂಕಾರವೇ ರೋಗಕ್ಕೆ ಕಾರಣವಾಗುವ ಬಗೆ ಇದು. ಹಂಟರನು ಕಂಡು ಖಂಡಿಸಿದುದರಲ್ಲಿ ಇಂತಹ ಕೆಲಸದ ಪಾಲೂ ಇದ್ದಿರಬೇಕೆಂದು ಊಹಿಸಬಹುದು.

ನಾಲ್ಕನೆಯದಾಗಿ, ಹಲ್ಲನ್ನು ಸಾಲುಗೂಡಿಸಲು ತಂತಿ ಕಟ್ಟಿಸುವವರಲ್ಲಿ ವಸಡಿನ ರೋಗವಿದ್ದರೆ, ಉರಿಯೂತವಿರುವ ಎಲುಬಿನ ಮೇಲೆ ಒತ್ತಡ ಬಿದ್ದು ಸವೆತವು ತ್ವರಿತಗೊಳ್ಳುತ್ತದೆ. ಹೋದ ಹಲ್ಲಿನ ಜಾಗದಲ್ಲಿ ಲೋಹದ ಬೇರನ್ನು ನೆಡುವ ಇಂಪ್ಲಾಂಟ್ ಕ್ರಮಕ್ಕೂ ಈ ಮಾತು ಸಲ್ಲುತ್ತದೆ. ಸ್ವೀಡನ್ನಿನ ಬ್ರೋನೆಮಾರ್ಕ್ ೧೯೬೫ರಲ್ಲಿ ಮೊದಲ ರೋಗಿಗೆ ಟೈಟೇನಿಯಮ್ ಬೇರುಗಳನ್ನು ನೆಟ್ಟಂದಿನಿಂದ ಈ ವಿದ್ಯೆ ಬಹಳ ಮುಂದುವರಿದಿದೆ. ಆದರೆ ಹಿಂದೆ ವಸಡಿನ ರೋಗದಿಂದ ಹಲ್ಲು ಕಳೆದುಕೊಂಡವರಲ್ಲಿ ಲೋಹದ ಬೇರಿನ ಸುತ್ತಲೂ ಅಂತಹುದೇ ರೋಗ ತಲೆದೋರುವ ಸಂಭವ ಹೆಚ್ಚು. ಲೋಹಕ್ಕೆ ಹುಳುಕು ಹಿಡಿಯುವುದಿಲ್ಲ ನಿಜ. ಆದರೆ ಅದನ್ನು ಹಿಡಿದ ಎಲುಬು ಮನುಷ್ಯನದೇ.

ಕಡೆಯದಾಗಿ, ಹಲ್ಲನ್ನು ಬಿಳುಪು ಮಾಡುವ ಔಷಧವು ಕೆರಳಿದ ವಸಡಿಗೆ ತಾಗಿದರೆ ಉರಿ ಹೆಚ್ಚುತ್ತದೆ; ವಸಡು ಜಾರಿ ಹೊರಬಿದ್ದ ಬೇರು ಮೇಲುಭಾಗದಂತೆ ಬೆಳ್ಳಗಾಗುವುದೂ ಇಲ್ಲ.

೬. ನಮ್ಮ ಜನರ ಕೆಲವು ನಂಬಿಕೆಗಳು

ಗಾರೆ ತೆಗೆಸಿದರೆ ಹಲ್ಲು ಸಡಿಲವಾಗುತ್ತದೆ, ಸಂದು ಬೀಳುತ್ತದೆ ಎಂಬ ಭಯ ನಮ್ಮಲ್ಲಿ ಬಹಳವಾಗಿ ಹರಡಿದೆ. ವಸ್ತುಸ್ಥಿತಿ ಬೇರೆಯಾಗಿದೆ. ಎಲುಬು ಮೊದಲೇ ಸವೆದಿದ್ದು, ಆ ತೆರವನ್ನು ಗಾರೆಯೂ ಊದಿದ ವಸಡೂ ತುಂಬಿರುತ್ತವೆ. ಗಾರೆ ಹೋಗಿ ಊತ ಇಳಿದಾಗ, ಅದುವರೆಗೆ ಮರೆಯಾಗಿದ್ದ ನಷ್ಟವು ಕಣ್ಣಿಗೆ ಬೀಳುತ್ತದೆ. ನಷ್ಟವನ್ನು ಮಾಡಿದುದು ರೋಗವೇ ಹೊರತು ಚಿಕಿತ್ಸೆಯಲ್ಲ.

ವಸಡಿನ ಬಣ್ಣದ ವಿಷಯದಲ್ಲಿಯೂ ಒಂದು ತಪ್ಪು ತಿಳಿವಳಿಕೆಯುಂಟು. ಜಾಹೀರಾತುಗಳಲ್ಲಿ ಕಾಣುವ ಗುಲಾಬಿ ವರ್ಣದ ವಸಡೇ ಆರೋಗ್ಯದ ಗುರುತೆಂದು ಭಾವಿಸಿ, ತಮ್ಮ ಕಂದುವಸಡನ್ನು ರೋಗವೆಂದು ಬಗೆಯುವವರಿದ್ದಾರೆ. ನಮ್ಮ ನಾಡಿನ ಅನೇಕರಲ್ಲಿ ಚರ್ಮಕ್ಕೆ ಬಣ್ಣ ಕೊಡುವ ವರ್ಣದ್ರವ್ಯವೇ ವಸಡಿಗೂ ಕಂದುಬಣ್ಣವನ್ನು ಕೊಡುತ್ತದೆ. ಹುಟ್ಟಿನಿಂದ ಬಂದ ಈ ಬಣ್ಣವು ದೋಷವಲ್ಲ. ಊತ, ರಕ್ತ, ದುರ್ವಾಸನೆ, ಹಲ್ಲಿನ ಸಡಿಲಿಕೆ ಇವೇ ನಿಜವಾಗಿ ಗಮನಿಸಬೇಕಾದ ಲಕ್ಷಣಗಳು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಚಿಕಿತ್ಸೆಯ ಕ್ರಮವು ಸ್ಪಷ್ಟವಾಗುತ್ತದೆ. ಮೊದಲು ವಸಡಿನ ಪರೀಕ್ಷೆ, ಸಂದುಗಳ ಅಳತೆ, ಬೇಕಾದಲ್ಲಿ ಎಕ್ಸ್‌ರೇ. ಬಳಿಕ ಗಾರೆಯ ನಿರ್ಮೂಲನ ಮತ್ತು ಮನೆಯಲ್ಲಿ ನಿತ್ಯ ಶುದ್ಧಿಯ ಅಭ್ಯಾಸ. ಸುಮಾರು ೬ರಿಂದ ೧೨ ವಾರಗಳ ಅನಂತರ ಮರುಪರೀಕ್ಷೆ. ವಸಡು ಗುಣವಾಗಿದೆಯೆಂದು ಖಚಿತವಾದ ಮೇಲೆ ಅಲಂಕಾರ. ವಸಡನ್ನು ಶಸ್ತ್ರದಿಂದ ಸರಿಪಡಿಸಬೇಕಾಗಿ ಬಂದರೆ ಮುಂಬಲ್ಲಿನ ಭಾಗದಲ್ಲಿ ಇನ್ನೂ ಕೆಲವು ತಿಂಗಳು ಕಾಯಬೇಕಾಗುವುದು. ಮದುವೆಗೆ ಹದಿನೈದು ದಿನ ಮಾತ್ರ ಉಳಿದಿರುವಾಗ ಈ ಕ್ರಮ ಸಾಗದು. ಅಲಂಕಾರವನ್ನು ಬಯಸುವವರು ತಿಂಗಳುಗಳ ಮೊದಲೇ ವೈದ್ಯರನ್ನು ಕಾಣುವುದು ಲೇಸು. ಅಲಂಕಾರ ಮುಗಿದ ಮೇಲೂ ನಿತ್ಯದ ಶುದ್ಧಿಯೂ ನಿಯತಕಾಲದ ಪರೀಕ್ಷೆಯೂ ತಪ್ಪುವಂತಿಲ್ಲ.

ಅಲಂಕಾರವನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ಮುರಿದ ಹಲ್ಲನ್ನು ಮರೆಮಾಡಿಕೊಂಡು ನಗಲು ನಾಚುವವನಿಗೆ ಒಂದು ಒಳ್ಳೆಯ ಕವಚವು ಎಷ್ಟು ಉಪಕಾರ ಮಾಡಬಲ್ಲುದೆಂಬುದನ್ನು ಎಲ್ಲರೂ ಬಲ್ಲರು. ೧೯೧೦ರ ಅನಂತರ ನಡೆದ ಕೇಡಿಗೆ ಕಾರಣ ಚಿನ್ನವೂ ಅಲ್ಲ, ಹಲ್ಲೂ ಅಲ್ಲ. ಮೊದಲು ರೋಗವನ್ನು ಮುಚ್ಚಿದರು. ಅದನ್ನು ಕಂಡು ಬೆದರಿದವರು ಹಲ್ಲನ್ನೇ ಕಿತ್ತರು. ನಡುವೆ ಮಾಡಬೇಕಾಗಿದ್ದ ಕೆಲಸ, ವಸಡನ್ನು ಗುಣಪಡಿಸುವ ಕೆಲಸ, ಎರಡು ಪಕ್ಷದವರಿಂದಲೂ ಉಪೇಕ್ಷಿತವಾಯಿತು. ಹಲ್ಲಿನ ಅಂದಕ್ಕೆಂದು ವೈದ್ಯರ ಬಳಿಗೆ ಹೋಗುವವರು ಬೆಲೆಯನ್ನೂ ಬಣ್ಣವನ್ನೂ ವಿಚಾರಿಸುವ ಮೊದಲು, ತಮ್ಮ ವಸಡಿನ ಸಂದುಗಳನ್ನು ಅಳೆದು ನೋಡಿದ್ದಾರೆಯೇ ಎಂದು ಕೇಳುವುದು ಉಚಿತ. ಅಷ್ಟು ಕೇಳುವುದನ್ನು ಜನರು ರೂಢಿಸಿಕೊಂಡರೆ ಆ ಹಳೆಯ ಕೇಡಿನ ಪುನರಾವೃತ್ತಿಯು ಬಹುಮಟ್ಟಿಗೆ ತಪ್ಪುವುದೆಂದು ನಾವು ನಂಬುತ್ತೇವೆ.